ಮಸ್ಕತ್‌ನಿಂದ ಮೂರು ತಾಸು

ಭಾಲ್ಕಿಯಲ್ಲಿ ಈರಮ್ಮ ತೀರಿಕೊಂಡದ್ದೇ ತಡ, ಮೈದುನ ಹಾವಗೆಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದ. ಮಗ ಬಸವಣ್ಣೆಪ್ಪ ಮಸ್ಕತ್‌ನಿಂದ ಹೊರಟಿದ್ದಾನೆ, ಹೈದರಾಬಾದಿಗೆ ವಿಮಾನದಲ್ಲಿ ಬರೇ ಮೂರು ತಾಸು, ಅವನು ಬಂದ ಮೇಲೆಯೇ ಮಣ್ಣು. ಸಮುದ್ರದಾಚೆಯಿಂದ ಮೂರೇ ತಾಸಾ ಎಂದು ಜನ ಹುಬ್ಬೇರಿಸಿದರೆ, ವಿಮಾನ ತಾನೇ ಹಾರಿಸಿದವನಂತೆ ಮೀಸೆ ತಿರುವುತ್ತಿದ್ದ. ಈರಮ್ಮನಿಗೆ ಒಬ್ಬ ಮಗಳೂ ಇದ್ದಾಳೆಂಬುದು ಆ ಮಹಾನುಭಾವನಿಗೆ ನೆನಪಾಗಲೇ ಇಲ್ಲ.

ಆ ಮಗಳು ಗುರಮ್ಮ. ಔರಾದ ತಾಲೂಕಿನ ಠಾಣಾ ಕುಶನೂರಿಗೆ ಕೊಟ್ಟ ಹೆಣ್ಣು. ಮಳೆ ಎರಡನೇ ವರ್ಷವೂ ಕೈಕೊಟ್ಟು ಅರ್ಧ ಊರು ಗುಳೆ ಎದ್ದಾಗ, ಗಂಡನ ಜೊತೆ ಸಂಗಾರೆಡ್ಡಿಗೆ ಬಂದು, ಹೈದರಾಬಾದ್ ರಸ್ತೆಯ ಬದಿಯ ಕಟ್ಟಡವೊಂದರಲ್ಲಿ ಸಿಮೆಂಟ್ ಹೊರುತ್ತಿದ್ದಳು. ಅವಳಿಗೆ ಸುದ್ದಿ ಮುಟ್ಟಿಸಿದ್ದು ತವರಿನ ನೆರೆಮನೆಯ ಮಹಮೂದಾ ಬೇಗಂ, ಅದೂ ಬಸವಣ್ಣೆಪ್ಪನ ವಿಮಾನ ಹೈದರಾಬಾದಿನಲ್ಲಿ ಇಳಿದ ಮೇಲೆ. ಮನೆಯವರು ಹೇಳಿರ್ತಾರೆಂದು ಸುಮ್ಮನಿದ್ದೆನಲ್ಲ ಎಂದು ಆಕೆ ಫೋನಿನಲ್ಲೇ ಅತ್ತಳು.

ಗುರಮ್ಮ ಬುಟ್ಟಿ ಬಿಸಾಕಿ ತಮ್ಮನಿಗೆ ಫೋನ್ ಹಚ್ಚಿದಳು. ವಿಮಾನ ನಿಲ್ದಾಣದಿಂದ ಭಾಲ್ಕಿಗೆ ಹೋಗುವ ಅವನ ಕಾರು ಇದೇ ರಸ್ತೆಯಲ್ಲಿ ಬರಬೇಕು. ರಸ್ತೆಗೇ ಬಂದು ನಿಂತಿರ್ತೇನೆ, ಹತ್ತಿಸಿಕೋ ಎಂದಳು. ಹೂಂ ಅಕ್ಕ ಎಂದ. ಸಿಮೆಂಟ್ ಮೆತ್ತಿದ ಕೈ ತೊಳೆಯದೆಯೇ ಬಿಸಿಲಲ್ಲಿ ನಿಂತಳು. ಅವ್ವನ ಮುಖ ಒಂದು ಸಲ ನೋಡಬೇಕು, ಅಷ್ಟೇ ಬೇಕಿತ್ತು ಅವಳಿಗೆ.

ಬಿಳಿ ಕಾರು ಬಂತು. ಕಿಟಕಿಯಲ್ಲಿ ತಮ್ಮ ಕಂಡ. ಅವನೂ ಇವಳನ್ನು ಕಂಡ. ಕಾರು ನಿಲ್ಲಲಿಲ್ಲ. ಮತ್ತೆ ಫೋನ್ ಮಾಡಿದರೆ, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಎಲ್ಲೂ ನಿಲ್ಲಬೇಡ ಎಂದು ಹಾವಗೆಪ್ಪ ಕಾಕಾ ತಾಕೀತು ಮಾಡ್ಯಾನ, ನೀ ಬಸ್ಸಿಗೆ ಬಾ ಎಂದ. ಒಡಹುಟ್ಟಿದವಳನ್ನು ಕೂಡಿಸಿಕೊಳ್ಳಲು ಬೀಡಿ ಹಚ್ಚುವಷ್ಟು ಹೊತ್ತೂ ಬೇಡ! ಥೂ ನಿನ್ನ, ಎಂದು ಗುರಮ್ಮ ರಸ್ತೆಯಲ್ಲೇ ಉಗಿದಳು.

ಜಹೀರಾಬಾದಿಗೆ ಒಂದು ಬಸ್ಸು, ಬೀದರಕ್ಕೆ ಇನ್ನೊಂದು. ಬೀದರದಲ್ಲಿ ಭಾಲ್ಕಿ ಬಸ್ಸು ಹತ್ತಿ ಹಾವಗೆಪ್ಪನಿಗೆ ಫೋನ್ ಮಾಡಿದಳು. ಕಾಕಾ, ಬೀದರ ಬಿಟ್ಟು ನೌಬಾದ ದಾಟೇನಿ, ಸ್ವಲ್ಪ ತಡೀರಿ ಎಂದು ಗೋಗರೆದಳು.

"ಮಸ್ಕತ್‌ನಿಂದ ಅಂವ ಬಂದ. ಸಂಗಾರೆಡ್ಡಿಯಿಂದ ಬರ್ಲಾಕ ನಿನಗೇನು ಧಾಡಿ?" ಎಂದು ಹಾವಗೆಪ್ಪ ಫೋನಿಟ್ಟ.

ಅವಳು ಓಡುತ್ತ ಸಮಾಧಿಯ ಜಾಗ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಈರಮ್ಮನನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ, ಪತ್ರಿ ಹಾಕಿ, ಮುಖಕ್ಕೆ ಬಿಳಿ ಬಟ್ಟೆ ಹೊದಿಸಿ ಮಣ್ಣು ಎಳೆಯತೊಡಗಿದ್ದರು. ಗುರಮ್ಮ ಯಾರನ್ನೂ ಕೇಳಲಿಲ್ಲ, ನೇರವಾಗಿ ಕುಣಿಗೆ ಇಳಿದಳು. ಹೆಣ್ಣುಮಕ್ಕಳು ಇಳಿಯಬಾರದು ಎಂದು ಹಾವಗೆಪ್ಪ ಅರಚಿದ. ಅವಳ ಮುಖ ನೋಡಿದ ಮೇಲೆ ಸಲಿಕೆ ಹಿಡಿದವರು ತಾವಾಗಿಯೇ ಹಿಂದೆ ಸರಿದರು.

ಬಟ್ಟೆ ಸರಿಸಿದಳು. ಅವ್ವನ ಗಲ್ಲ ಎರಡೂ ಕೈಯಲ್ಲಿ ಹಿಡಿದು ಕಣ್ತುಂಬ ನೋಡಿದಳು. ಕುಣಿಯ ಅಂಚಿನಲ್ಲಿ ತಮ್ಮ ಬಿಕ್ಕುತ್ತಿದ್ದ.

"ಮಸ್ಕತ್‌ನಿಂದ ಬರ್ಲಾಕ ಮೂರು ತಾಸು ಹತ್ತಿತಂತಲ್ಲೋ ತಮ್ಮಾ," ಎಂದಳು, ತಲೆ ಎತ್ತದೆಯೇ. "ನನ್ನ ಮುಂದಿಂದ ಹಾದು ಹೋಗ್ಲಾಕ ಎಷ್ಟೊತ್ತು ಹತ್ತಿತು?"

ಬಸವಣ್ಣೆಪ್ಪ ಬಗ್ಗಿ, ಮೇಲೆ ಹತ್ತಲು ಅವಳಿಗೆ ಕೈ ನೀಡಿದ. ಅವಳು ಮಣ್ಣಿನ ಅಂಚು ಹಿಡಿದು ತಾನೇ ಹತ್ತಿ ಬಂದಳು.