ಹ್ಯಾಲಮ್ ಮನೆತನದ ಗುಮಾಸ್ತ

ಪಂಚೆಯ ನಿರಿಗೆ ಮೂರನೆಯ ಸಲವೂ ಜಾರಿಹೋಯಿತು. ಶ್ರೀನಿ ಸೋತು ಬೆನ್ನು ನೆಟ್ಟಗೆ ಮಾಡಿದ.

"ಮಾವ ಎಷ್ಟು ಸಲ ಹೇಳ್ಕೊಟ್ರು. ಒಂದ್ಸಲಾನೂ ಗಮನ ಇಟ್ಟು ನೋಡ್ಲಿಲ್ಲ ನಾನು."

ಫ್ಯೂನರಲ್ ಹೋಮಿನ ಯಜಮಾನ ವಿಟಾಲೆ ಸೇಫ್ಟಿ ಪಿನ್ನುಗಳ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ನಲವತ್ತು ವರ್ಷ ಸತ್ತವರ ಕೊರಳಿಗೆ ಟೈ ಕಟ್ಟಿದ ಕೈ ಅವನದು. ಹೊಲಿಗೆಯೇ ಇಲ್ಲದ ಈ ಉದ್ದದ ಬಟ್ಟೆಯನ್ನು ಎಲ್ಲಿ ಹಿಡಿಯಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ಬಿಡಿ, ನಾನು ಉಡಿಸ್ತೀನಿ," ಎಂದು ಪದ್ಮಜಾ ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿದಳು. ಸೀರೆಯ ನಿರಿಗೆ ಹಿಡಿದ ಕೈಗೆ ಪಂಚೆ ಏನು ಮಹಾ! ಎರಡು ನಿಮಿಷದಲ್ಲಿ ಕೃಷ್ಣಸ್ವಾಮಿಯವರು ಕೆಂಪಂಚಿನ ಪಂಚೆಯಲ್ಲಿ, ಹಬ್ಬದ ಊಟಕ್ಕೆ ಮೊದಲು ಒಂದು ಗಳಿಗೆ ಅಡ್ಡಾದವರಂತೆ, ಪೆಟ್ಟಿಗೆಯಲ್ಲಿ ಮಲಗಿದರು. ಬಲಗೈಯ ನಡುಬೆರಳಿನ ಮೇಲೆ ಲೇಖಣಿ ಒತ್ತಿ ಒತ್ತಿ ಎದ್ದಿದ್ದ ಗಂಟನ್ನು ಅವಳು ಒಮ್ಮೆ ಸವರಿದಳು.

"ಅಣ್ಣ," ಎಂದಳು ಮೆಲ್ಲಗೆ. ತಂದೆಯನ್ನು ಅವಳು ಹುಟ್ಟಿದಾಗಿನಿಂದ ಕರೆದದ್ದು ಹಾಗೆಯೇ.

ಸೋಮವಾರ ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳಲು ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅರವತ್ತೆಂಟು ವಯಸ್ಸು. ನ್ಯೂಜೆರ್ಸಿಗೆ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಚಿಕ್ಕಪ್ಪನಿಗೆ ಟ್ರಂಕ್ ಕಾಲ್ ಸಿಕ್ಕಿದ್ದು ಮಂಗಳವಾರ. ವಿಷಯ ತಿಳಿದು ಬಹಳ ಹೊತ್ತು ಅತ್ತ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಆ ಊರಲ್ಲಿ ಅವನಿಗೆ ಅಂತ ಯಾರಮ್ಮ ಇದ್ರು?"

ಪದ್ಮಜಾ ಆಸ್ಪತ್ರೆಯ ಡಾಕ್ಟರು, ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಮನೆ. ಗಂಡ ಶ್ರೀನಿ ಮ್ಯಾನ್‌ಹ್ಯಾಟನ್‌ಗೆ ಕಮ್ಯೂಟ್ ಮಾಡುವ ಎಂಜಿನಿಯರ್. ಅಮ್ಮ ಅಲಮೇಲು ತೀರಿಕೊಂಡ ವರ್ಷವೇ ಒಂಟಿಯಾಗಿರಬಾರದೆಂದು ಅಣ್ಣನನ್ನು ಕರೆತಂದಿದ್ದಳು. ತಂದು ಇನ್ನೊಂದು ಒಂಟಿತನದಲ್ಲಿ ಕೂರಿಸಿದೆನಲ್ಲ ಎಂಬುದು ಅವಳನ್ನು ಒಳಗೇ ಕೊರೆಯುತ್ತಿತ್ತು. ಹಗಲೆಲ್ಲ ಏನು ಮಾಡ್ತೀರಿ ಎಂದರೆ, "ಬಸ್ಸು ಹತ್ತಿ ಪ್ಯಾಟರ್ಸನ್ ಲೈಬ್ರರಿಗೆ ಹೋಗ್ತೀನಮ್ಮ. ಅಲ್ಲಿ ಬೆಚ್ಚಗಿರತ್ತೆ," ಎನ್ನುತ್ತಿದ್ದರು. ಚಳಿಗೆ ಹೆದರಿ ಹೀಟರಿನ ಪಕ್ಕ ಪೇಪರು ಹಿಡಿದು ತೂಕಡಿಸುವ ಮುದುಕನ ಚಿತ್ರವೇ ಅವಳ ಕಣ್ಣಿಗೆ ಕಟ್ಟಿತ್ತು. ಬುಧವಾರ ಲೈಬ್ರರಿಯಿಂದ ಯಾರೋ ಫೋನ್ ಮಾಡಿ, "ಸ್ವಾಮಿ ಎರಡು ದಿನದಿಂದ ಬಂದಿಲ್ಲವಲ್ಲ?" ಎಂದು ಕೇಳಿದಾಗ, ಯಾವುದೋ ಪುಸ್ತಕ ವಾಪಸು ಕೊಡಬೇಕಿರಬಹುದು ಎಂದುಕೊಂಡು, ಸುದ್ದಿ ತಿಳಿಸಿ, ಶುಕ್ರವಾರದ ಅಂತ್ಯಕ್ರಿಯೆಯ ಹೊತ್ತು, ಜಾಗ ಹೇಳಿ ಫೋನ್ ಇಟ್ಟಿದ್ದಳು.

"ಎಷ್ಟು ಜನ ಬರುತ್ತಾರೆ?" ಎಂದು ವಿಟಾಲೆ ಕೇಳಿದಾಗ, "ಹನ್ನೆರಡು," ಎಂದಿದ್ದಳು. ಚಿಕ್ಕ ರೂಮು, ಹನ್ನೆರಡು ಮಡಿಚುವ ಕುರ್ಚಿ.

ಹತ್ತು ಗಂಟೆಗೆ ಹಿಕ್ಸ್‌ವಿಲ್‌ನಿಂದ ಬದರೀನಾಥ ಬಂದ. ಕೆಮಿಕಲ್ ಎಂಜಿನಿಯರ್. ಪುರೋಹಿತರೇ ಇಲ್ಲದ ಆ ಸೀಮೆಯಲ್ಲಿ, ಸಂಸ್ಕೃತ ತಡವರಿಸದೆ ಓದಬಲ್ಲ ಎಂಬ ಒಂದೇ ಕಾರಣಕ್ಕೆ ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಅವನೇ.

"ಸಾರಿ ಶ್ರೀನಿ, ರೋಡೆಲ್ಲ ಸ್ನೋ. ಎರಡೂವರೆ ಗಂಟೆ ಡ್ರೈವ್ ಮಾಡ್ದೆ," ಎಂದು ಟೋಪಿ ಕೊಡವಿದ. "ಅಂದ ಹಾಗೆ, ಪಾರ್ಕಿಂಗ್ ಲಾಟ್ ಪೂರ್ತಿ ಫುಲ್. ನನ್ನ ಕಾರು ಬೀದೀಲಿ ಬಿಟ್ಟು ಬಂದೆ. ಇವತ್ತು ಇಲ್ಲಿ ಇನ್ಯಾರದಾದ್ರೂ ಇದೆಯಾ?"

ಅಷ್ಟರಲ್ಲಿ ವಿಟಾಲೆ ಅವಸರದಿಂದ ಬಂದ. "ಡಾಕ್ಟರ್, ನಡುವಿನ ಪಾರ್ಟಿಷನ್ ತೆಗೆಸಲೇ? ಜನ ಹೊರಗೆ ಹಿಮದಲ್ಲಿ ನಿಂತಿದ್ದಾರೆ."

"ಅವರು ಬೇರೆ ಯಾರದೋ ಫ್ಯೂನರಲ್‌ಗೆ ಬಂದಿರಬೇಕು," ಎಂದಳು ಪದ್ಮಜಾ.

"ಇವತ್ತು ನಮ್ಮಲ್ಲಿರುವುದು ಇದೊಂದೇ."

ಬಾಗಿಲು ತೆರೆಯಿತು. ಮೊದಲು ಒಳಗೆ ಬಂದದ್ದು ಗಿಳಿಹಸಿರು ಕೋಟು ತೊಟ್ಟ, ಬೆಳ್ಳಿಗೂದಲ, ಎತ್ತರದ ಮುದುಕಿ. ಹಿಂದೆ ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು ಹೊತ್ತವರು, ಊರುಗೋಲಿನವರು. ಹನ್ನೆರಡು ಕುರ್ಚಿ ಕಣ್ಣು ಮಿಟುಕಿಸುವುದರಲ್ಲಿ ತುಂಬಿದವು. ಮುದುಕಿ ನೇರವಾಗಿ ಬಂದು ಪದ್ಮಜಾಳ ಎರಡೂ ಕೈ ಹಿಡಿದಳು.

"ನೀನು ಪದ್ದು," ಎಂದಳು.

ಪದ್ಮಜಾ ಬೆಚ್ಚಿದಳು. ಆ ಹೆಸರಿನಿಂದ ಅವಳನ್ನು ಕರೆಯುವವರು ಈ ದೇಶದಲ್ಲಿ ಸೋಮವಾರದವರೆಗೆ ಒಬ್ಬರೇ ಇದ್ದರು.

"ನಾನು ರೂತ್ ಹ್ಯಾಲಮ್. ಇವರೆಲ್ಲ ನನ್ನ ಬಳಗ. ಇವರನ್ನು ನನಗೆ ಹುಡುಕಿಕೊಟ್ಟವರು ನಿಮ್ಮ ತಂದೆ."

*

ಪದ್ಮಜಾಳ ಪಕ್ಕದಲ್ಲಿ ಕೂತು, ಹಿಡಿದ ಕೈ ಬಿಡದೆ ರೂತ್ ಹೇಳಿದ ಕತೆ ಇದು.

ರೂತ್ ರಿಟೈರಾದ ಸ್ಕೂಲ್ ಟೀಚರು, ಮದುವೆಯಾದವಳಲ್ಲ. ಅವಳ ಮುತ್ತಾತ ಜೋಸೆಫ್ ಹ್ಯಾಲಮ್ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ರೇಷ್ಮೆ ನೇಕಾರ. ೧೮೫೪ರಲ್ಲಿ ಹೆಂಡತಿ ಹ್ಯಾನಾ ಮತ್ತು ಮೂರು ಮಕ್ಕಳೊಂದಿಗೆ ಹಡಗು ಹತ್ತಿ ಪ್ಯಾಟರ್ಸನ್ನಿನ ಮಗ್ಗಗಳಿಗೆ ಬಂದವನು. ಅವನು ಸತ್ತಾಗ ಹಿರಿಯ ಮಗ ಟಾಮಸ್‌ನನ್ನು ಹನ್ನೆರಡನೇ ವಯಸ್ಸಿಗೇ ದೂರದ ಒಂದು ಹೊಲಮನೆಗೆ ದುಡಿಯಲು ಕಳಿಸಿದರು. ತಾಯಿ, ತಂಗಿ, ತಮ್ಮ ಎಲ್ಲರೂ ಕಾಲರಾಕ್ಕೆ ತುತ್ತಾದರು ಎಂದು ಅಲ್ಲಿ ಯಾರೋ ಹೇಳಿದರು. ಟಾಮಸ್ ಅದನ್ನೇ ನಂಬಿ ಬದುಕಿದ, ಸತ್ತ. ಅವನ ಮೊಮ್ಮಗಳು ರೂತ್. ಆ ವಂಶದಲ್ಲಿ ಉಳಿದದ್ದು ತಾನೊಬ್ಬಳೇ ಎಂದು ತಿಳಿದಿದ್ದಳು. ಸತ್ತವರ ಗೋರಿಯಾದರೂ ಸಿಗಲಿ ಎಂದು ಹನ್ನೊಂದು ವರ್ಷ ಊರಿನ ಹಳೆಯ ವಿಳಾಸ ಪುಸ್ತಕಗಳನ್ನು, ಜನಗಣತಿಯ ಫಿಲ್ಮುಗಳನ್ನು ತಿರುವಿಹಾಕಿದಳು. ಹ್ಯಾಲಮ್ ಎಂಬ ಹೆಸರು ಒಂದು ಕಡೆಯೂ ಸಿಗಲಿಲ್ಲ.

೧೯೭೧ರ ಚಳಿಗಾಲದ ಒಂದು ಬೆಳಿಗ್ಗೆ ಅವಳು ಲೈಬ್ರರಿಯಲ್ಲಿ ಯಾವುದೋ ಕೈಬರಹದ ದಾಖಲೆಯನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತಿದ್ದಳು. ಪಕ್ಕದ ಮೇಜಿನಲ್ಲಿ ಕೋಟಿನ ಮೇಲೆ ಶಾಲು ಹೊದ್ದು ಪೇಪರು ಓದುತ್ತಿದ್ದ ಪರದೇಶದ ಮುದುಕ ಕೆಮ್ಮಿದ.

"ಕ್ಷಮಿಸಬೇಕು ಮೇಡಂ. ಅದು ರಾಫ್ಸ್ ಅಲ್ಲ, ರಾಸ್. ಹಿಂದಿನವರು ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಎಫ್ ಹಾಗೆ ಎಳೆಯುತ್ತಿದ್ದರು."

"ನಿಮಗೆ ಹೇಗೆ ಗೊತ್ತು?"

"ನಾನು ಮೂವತ್ತೆರಡು ವರ್ಷ ರಿಜಿಸ್ಟ್ರಿ ಗುಮಾಸ್ತ. ನಿಮ್ಮ ಇಂಗ್ಲಿಷರು ನಮಗೂ ಬೇಕಾದಷ್ಟು ಹಳೇ ಕಾಗದ ಬಿಟ್ಟು ಹೋಗಿದ್ದಾರೆ."

ಅವಳು ಕುರ್ಚಿ ಎಳೆದು ಜಾಗ ಕೊಟ್ಟಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಹಾಕಿದರು. "ಈ ಜೋಸೆಫ್ ತನ್ನ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತಿದ್ದ?"

ರೂತ್‌ಗೆ ಅರ್ಥವಾಗಲಿಲ್ಲ.

"ನೋಡಿ, ನಮ್ಮ ಮಂಡ್ಯದ ಕಡೆ ರೈತರಿಗೆ 'ಹ' ಬಾಯಿಗೆ ಬರುವುದಿಲ್ಲ. ಹಾಲಿಗೆ ಆಲು ಅನ್ನುತ್ತಾರೆ, ಹಳ್ಳಿಗೆ ಅಳ್ಳಿ. ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ರೈತ ಬಂದ. ಹೆಸರು ಕೇಳಿದೆ. ಅನುಮಯ್ಯ ಅಂದ. ಹಾಗೇ ಬರೆದುಬಿಟ್ಟೆ. ಎಷ್ಟೋ ವರ್ಷದ ಮೇಲೆ ಅವನ ಮಗ ಬಂದು, ಹನುಮಯ್ಯನ ಹೆಸರಲ್ಲಿ ಜಮೀನು ಎಲ್ಲಿ ಅಂತ ಕೇಳಿದರೆ, ಪುಸ್ತಕದಲ್ಲಿ ಇಲ್ಲ. ನನ್ನ ಅಕ್ಷರವೇ, ನನಗೇ ಸಿಗಲಿಲ್ಲ. ಪಾಪ, ಆ ಹುಡುಗ ಆರು ಸಲ ಊರಿಂದ ನಡೆದು ಬಂದ. ಅವತ್ತಿಂದ ನಾನು ಎರಡೂ ಕಡೆ ಹುಡುಕುತ್ತೇನೆ. 'ಹ'ದಲ್ಲಿ ಒಮ್ಮೆ, 'ಅ'ದಲ್ಲಿ ಒಮ್ಮೆ. ನಿಮ್ಮ ನೇಕಾರರು 'ಹ' ಹೇಳುತ್ತಿದ್ದರೇ?"

ರೂತ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ತಾತ ಟಾಮಸ್ ಅವಳನ್ನು ಊಟಕ್ಕೆ ಕೂಗುವಾಗ 'ಅಂಗ್ರಿ' ಎನ್ನುತ್ತಿದ್ದ. ಹಸಿವೆಯಾಗಿದೆಯೇ ಎನ್ನುವ ಆ ಮಾತಿನಲ್ಲಿ 'ಹ' ಎಂದೂ ಇರಲೇ ಇಲ್ಲ.

ಇಬ್ಬರೂ ಎದ್ದು ವಿಳಾಸ ಪುಸ್ತಕದ 'ಎ' ಅಕ್ಷರದ ಪುಟ ತೆಗೆದರು. ೧೮೫೯ರಲ್ಲಿ, 'ಆ್ಯಲಮ್, ಜೋಸೆಫ್, ನೇಕಾರ.' ನಾಲ್ಕು ವರ್ಷ ಮುಂದೆ, 'ಆ್ಯಲಮ್, ಆ್ಯನಾ, ವಿಧವೆ.' ಕಾಲರಾದಲ್ಲಿ ಸತ್ತಳೆಂಬ ಹ್ಯಾನಾ ಪುಸ್ತಕದಿಂದ ಪುಸ್ತಕಕ್ಕೆ ಬದುಕುತ್ತಲೇ ಹೋದಳು. ಅವಳೊಂದಿಗೆ ಮಗಳು ಹ್ಯಾರಿಯೆಟ್, ಕಿರಿಯ ಮಗ ಹೆನ್ರಿ. ಹೆನ್ರಿಯ ಮಕ್ಕಳು ಆ ಕಾಲದ ಗುಮಾಸ್ತ ತಪ್ಪಾಗಿ ಬರೆದ ಹೆಸರನ್ನೇ ತಮ್ಮದಾಗಿ ಮಾಡಿಕೊಂಡಿದ್ದರು.

"ಲೈಬ್ರರಿಯಲ್ಲಿ ಗಟ್ಟಿಯಾಗಿ ಅತ್ತುಬಿಟ್ಟೆ," ಎಂದಳು ರೂತ್. "ಸ್ವಾಮಿ ನನ್ನ ಕೈಗೆ ಒಂದು ಕರ್ಚೀಫು ಕೊಟ್ಟು, ತಾವು ಆಗಲೇ ಮುಂದಿನ ಪುಟ ತಿರುಗಿಸಿದ್ದರು."

*

"ನನ್ನ ಬಾಯ್ಲರ್ ಕತೆ ಹೇಳು ರೂತ್," ಎಂದ ಹಿಂದೆ ನಿಂತಿದ್ದ ದಪ್ಪಗಿನ ಮನುಷ್ಯ.

"ಇವನು ಡೊನಾಲ್ಡ್ ಆ್ಯಲಮ್. ಹೆನ್ರಿಯ ಮರಿಮಗ. ಇಪ್ಪತ್ತು ವರ್ಷದಿಂದ ನನ್ನ ಮನೆಯ ಬಾಯ್ಲರ್ ರಿಪೇರಿ ಮಾಡುತ್ತಿದ್ದಾನೆ. ಪ್ರತಿ ಸಲವೂ ಜಗಳ ಆಡಿದ್ದೇನೆ. ನನ್ನ ರಕ್ತಸಂಬಂಧಿ ಅಂತ ಇಬ್ಬರಿಗೂ ಗೊತ್ತಿಲ್ಲ!"

"ಈಗಲೂ ಜಗಳ ಆಡ್ತಾಳೆ," ಎಂದ ಡೊನಾಲ್ಡ್.

ಸುತ್ತ ನಿಂತವರು ನಕ್ಕರು. ಪದ್ಮಜಾಗೂ ನಗು ಬಂದು, ಇಂಥ ಜಾಗದಲ್ಲಿ ನಗಬಹುದೇ ಎಂದು ಶ್ರೀನಿಯತ್ತ ನೋಡಿದಳು. ಅವನು ಆಗಲೇ ನಗುತ್ತಿದ್ದ.

ಆಮೇಲೆ ಒಬ್ಬೊಬ್ಬರೂ ಹೇಳತೊಡಗಿದರು. ಟೆಲಿಫೋನ್ ಪುಸ್ತಕದಲ್ಲಿದ್ದ ಆ್ಯಲಮ್‌ಗಳಿಗೆಲ್ಲ ಕೃಷ್ಣಸ್ವಾಮಿಯವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆದಿದ್ದರು. 'ತಾವು ಜೋಸೆಫ್ ಮತ್ತು ಹ್ಯಾನಾ ಅವರ ಸಂತತಿಯೇ ಎಂದು ದಯಮಾಡಿ ತಿಳಿಸುವುದು.' ಒಬ್ಬಳು ಆ ಕಾಗದಕ್ಕೆ ಫ್ರೇಮು ಹಾಕಿಸಿದ್ದಳಂತೆ. ಹೋದ ಜುಲೈನಲ್ಲಿ ಪ್ಯಾಟರ್ಸನ್ನಿನ ಜಲಪಾತದ ಹತ್ತಿರ ಎಲ್ಲರೂ ಮೊದಲ ಸಲ ಸೇರಿದ್ದರು. ನಲವತ್ತಮೂರು ಜನ.

"ಅವತ್ತು ಅವರು ತಂದ ಆ ಹುಳಿ ಅನ್ನ," ಎಂದಳು ಒಬ್ಬ ಹೆಂಗಸು, "ಒಬ್ಬೊಬ್ಬರಿಗೆ ಒಂದೇ ಚಮಚ ಬಂತು."

ಪದ್ಮಜಾಗೆ ನೆನಪಾಯಿತು. 'ಲೈಬ್ರರಿಯೋರು ಪಿಕ್ನಿಕ್ ಇಟ್ಕೊಂಡಿದಾರಮ್ಮ, ಒಂದು ಸ್ವಲ್ಪ ಪುಳಿಯೋಗರೆ ಕಲಸಿಕೊಡ್ತೀಯಾ?' ಇಬ್ಬರಿಗೆ ಸಾಕಾಗುವಷ್ಟನ್ನು ಡಬ್ಬಿಗೆ ತುಂಬಿದ್ದಳು.

"ಇಷ್ಟೆಲ್ಲ ಮಾಡಿದಾರೆ. ನನಗೆ ಯಾಕೆ ಒಂದು ಮಾತೂ ಹೇಳಲಿಲ್ಲ?" ಎಂದು ಕೇಳಿದಳು.

"ನಾನೂ ಕೇಳಿದೆ," ಎಂದಳು ರೂತ್. "ಕಚೇರಿ ಫೈಲು ಮನೆಗೆ ಕೊಂಡೊಯ್ಯಬಾರದು, ಅದು ರೂಲ್ಸು, ಅಂದರು. ಆದರೆ ಮನೆಯ ಫೈಲು ಪೂರ್ತಿ ಕಚೇರಿಗೆ ತರುತ್ತಿದ್ದರು. ನೀನು ಯಾವ ಪೇಷಂಟನ್ನು ಬದುಕಿಸಿದೆ, ಯಾವ ದಿನ ಸುಸ್ತಾಗಿ ಬಂದೆ, ಎಲ್ಲಾ ನಮಗೆ ಗೊತ್ತು. ಪದ್ದು ಇವತ್ತು ಊಟ ಮಾಡದೇ ಮಲಗಿದಳು ಅಂತ ಒಂದು ದಿನ ಒಂದು ಪುಟವನ್ನೂ ಓದಲಿಲ್ಲ ಮಹಾರಾಯರು."

ಪದ್ಮಜಾ ಆ ಹಸಿರು ಕೋಟಿಗೆ ಮುಖ ಒತ್ತಿ ಅತ್ತಳು. ನಾಲ್ಕು ದಿನದಿಂದ ಬಾರದ ಅಳು, ಬಂದದ್ದೇ ಹಗುರವಾಗಿ ಬಂತು.

*

ಬದರೀನಾಥ ಗಂಗಾಜಲದ ಗಿಂಡಿ ತೆರೆದು, ಪುಸ್ತಕದ ಗುರುತಿಟ್ಟ ಪುಟ ಬಿಡಿಸಿದ. ಶ್ರೀನಿ ಶರಟು ತೆಗೆದು ಎದುರಿಗೆ ಕೂತ. ಪಾರ್ಟಿಷನ್ ಸರಿಸಿದ ದೊಡ್ಡ ರೂಮಿನಲ್ಲಿ ಎಲ್ಲರೂ ಎದ್ದು ನಿಂತರು.

"ಗೋತ್ರ ಗೊತ್ತಿದೆ," ಎಂದ ಬದರೀನಾಥ. "ಅಂಕಲ್‌ರ ತಂದೆ, ತಾತ, ಮುತ್ತಾತ, ಮೂರು ಹೆಸರು ಬೇಕಲ್ಲ ಪದ್ಮಜಾ. ಶಾಸ್ತ್ರದಲ್ಲಿ ಇವತ್ತೇ ಹೇಳ್ಬೇಕೋ ಇಲ್ವೋ, ನಮ್ಮಪ್ಪಂಗೆ ಹೀಗೇ ಮಾಡಿಸಿದ್ರು."

"ನಮ್ಮ ತಾತ ವರದಾಚಾರ್." ಪದ್ಮಜಾ ನಿಂತಳು. ಮುಂದಿನದು ಬರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದಿರಬೇಕು. ಶ್ರೀನಿಯ ಮುಖ ನೋಡಿದಳು. ಅವನಿಗೆ ಹೇಗೆ ಗೊತ್ತಿದ್ದೀತು? "ಮೈಸೂರಿಗೆ ಫೋನ್ ಮಾಡ್ಬೇಕು, ಅಷ್ಟೆ," ಎಂದಳು ಸೋತ ದನಿಯಲ್ಲಿ.

"ಏನು ಬೇಕಂತೆ?" ರೂತ್ ಕೇಳಿದಳು. ಪದ್ಮಜಾ ಹೇಳಿದಳು.

"ಅಷ್ಟೇ ತಾನೇ?" ರೂತ್ ಕೈಚೀಲ ತೆರೆದು, ಕನ್ನಡಕ ಏರಿಸಿಕೊಂಡು, ಒಂದು ದಪ್ಪನೆಯ ಕಾರ್ಡು ಹೊರತೆಗೆದಳು. "ನಮ್ಮ ವಂಶಾವಳಿ ಮುಗಿಯಿತು, ಇನ್ನು ನಿಮ್ಮದು ಬರೆಸಿ ಅಂತ ಸ್ವಾಮಿಗೆ ಅಂದೆ. ನನ್ನದೇನು ಇದೆ ಅಂದರು. ನಾನು ಟೀಚರು, ಬಿಡುತ್ತೇನೆಯೇ? ಏಳು ತಲೆಮಾರು ಇದೆ. ಎಷ್ಟು ಬೇಕು?"

ಬದರೀನಾಥ ಕಣ್ಣು ಕಣ್ಣು ಬಿಟ್ಟು, "ಮೂರು," ಎಂದ.

ರೂತ್ ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದಿದಳು. "ವರಡಾಚಾರ್."

"ವರದಾಚಾರ್," ಎಂದು ಬದರೀನಾಥ ತಿದ್ದಿ, ಮಂತ್ರದೊಳಗೆ ಸೇರಿಸಿ ಹೇಳಿದ.

ಚರ್ಚಿನಲ್ಲಿ ಪಾದ್ರಿ ಒಂದು ಹೇಳಿದರೆ ಜನ ತಿರುಗಿ ಹೇಳುವುದು ಹ್ಯಾಲಮ್ ಮನೆತನದ ರೂಢಿ. ತಮ್ಮ ಸರದಿ ಬಂತೆಂದು ತಿಳಿದು ನಲವತ್ತು ಬಾಯಿ ಒಟ್ಟಿಗೆ ತೆರೆಯಿತು. "ವರಡಾಚಾರ್!"

ಬದರೀನಾಥನ ಕೈಯಲ್ಲಿದ್ದ ಉದ್ಧರಣೆ ಅಲ್ಲೇ ನಿಂತಿತು. ಶ್ರೀನಿ ತುಟಿ ಕಚ್ಚಿ ತಲೆ ತಗ್ಗಿಸಿದ. ರೂತ್ ನಿಲ್ಲಿಸಲಿಲ್ಲ.

"ಅಲಸಿಂಗಾಚಾರ್."

"ಅಳಸಿಂಗಾಚಾರ್," ಎಂದ ಬದರೀನಾಥ, 'ಳ'ವನ್ನು ಒತ್ತಿ.

"ಅಲಸಿಂಗಾಚಾರ್!" ಈ ಸಲ ಡೊನಾಲ್ಡನ ಗಡಸು ದನಿ ಎಲ್ಲರಿಗಿಂತ ಮುಂದಿತ್ತು.

ಮೂರನೆಯದು ಉದ್ದದ ಹೆಸರು. ರೂತ್ ಕಾರ್ಡನ್ನು ಕಣ್ಣಿನ ಹತ್ತಿರಕ್ಕೆ ತಂದು, ಒಂದೊಂದೇ ಅಕ್ಷರ ಕೈಹಿಡಿದು ದಾಟಿಸಿದಳು. "ತಿರು... ವೆಂಗ... ಳಾಚಾರ್." ಅವಳ ಬಾಯಲ್ಲಿ 'ಳ' ಹೇಗೋ ಸರಿಯಾಗಿ ಬಂದುಬಿಟ್ಟಿತು. ಜನ ಹುಮ್ಮಸ್ಸಿನಿಂದ ಹೊರಟರು. ಅರ್ಧ ದಾರಿಯಲ್ಲಿ ಕೆಲವರು ಮುಗ್ಗರಿಸಿದರು, ಕೆಲವರು ಹಿಂದೆ ಬಿದ್ದರು. ಪದ್ಮಜಾ ಕೆನ್ನೆಯ ನೀರು ಒರೆಸದೆಯೇ ನಗುತ್ತ, ತಾನೂ ಬಾಯಿ ತೆರೆದು, ಈಗಷ್ಟೇ ತಿಳಿದ ಆ ಹೆಸರನ್ನು ಅವರೊಂದಿಗೆ ಹೇಳುತ್ತ ಹೋದಳು. ಬಾಗಿಲ ಬಳಿ, ಕೈಕಟ್ಟಿ ನಿಂತಿದ್ದ ವಿಟಾಲೆಯ ತುಟಿಯೂ ಅಲುಗುತ್ತಿತ್ತು.