ಹೆಸರು ಹೇಳಲಿಲ್ಲ

ಬಿ.ಕಾಂ. ಕೊನೆಯ ವರ್ಷದ ನಮಗೆ ಗುಡದಪ್ಪ ಸರ್ ಡೇಟಾ ನೀತಿಯನ್ನು ಪುಸ್ತಕ ಓದಿಸಿ ಕಲಿಸಲಿಲ್ಲ. "ಬಾಯಿಲೆ ಬಡದಾಡ್ರಿ, ಅಂದ್ರ ತಿಳೀತೈತಿ" ಎಂದು ಚೀಟಿ ಎತ್ತಿಸಿ ಚರ್ಚೆಗೆ ನಿಲ್ಲಿಸಿದರು. ಗಿರಾಕಿಯ ಮಾಹಿತಿಯನ್ನು ಅಂಗಡಿಯವರು ಬಳಸಬಹುದೇ? ಬಳಸಬಹುದು ಎನ್ನಲು ಶಾಂಭವಿ, ಕೂಡದು ಎನ್ನಲು ನಾನು.

ಶಾಂಭವಿಯ ಅಪ್ಪ ಕುಬೇರಪ್ಪನವರದು ಅಣ್ಣಿಗೇರಿಯಲ್ಲಿ ಔಷಧಿ ಅಂಗಡಿ. ನಮ್ಮವ್ವ ಫಿಟ್ಸ್ ಗುಳಿಗೆ ತರುವುದು ಅಲ್ಲಿಂದಲೇ. ನಮ್ಮೂರು ಶಲವಡಿಯಲ್ಲೂ ಅಂಗಡಿ ಇದೆ. ಆದರೂ ಅವ್ವ ಬಸ್ಸು ಹತ್ತುತ್ತಾಳೆ, ಯಾಕೆಂದರೆ ಅವಳು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗುಳಿಗೆ ಶುರುವಾದ ಮೇಲೆ ಅವಳಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಊರಿಗೆ ಗುಳಿಗೆ ಕಾಣುವುದಿಲ್ಲ, ರೋಗವಷ್ಟೇ ಕಾಣುತ್ತದೆ. ಗೊತ್ತಾದರೆ ಒಲೆಯ ಮುಂದೆ ನಿಲ್ಲಗೊಡುವುದಿಲ್ಲ. ಶಾಂಭವಿಗೆ ಅವಳು ನನ್ನ ಅವ್ವ ಎಂದು ಗೊತ್ತಿರಲಿಲ್ಲ.

"ಮಾಹಿತಿ ಇಟ್ಟಿದ್ದಕ್ಕ ಒಂದು ಜೀವ ಉಳದೈತ್ರಿ," ಎಂದಳು ಶಾಂಭವಿ. "ಹೆಸರು ಹೇಳಂಗಿಲ್ಲ. ಶಲವಡಿ ಸಾಲ್ಯಾಗ ಅಡಗಿ ಮಾಡ್ತಾಳ ಆಕಿ. ಎಡಗೈಲೆ ರೊಕ್ಕ ಕೊಟ್ಟು ‘ತಪ್ಪ ತಿಳೀಬ್ಯಾಡ್ರಿ’ ಅಂತಾಳ, ಅಷ್ಟು ಚಲೋ ಹೆಣ್ಮಗಳು. ಒಮ್ಮೆ ಫಿಟ್ಸಿನ ಗುಳಗಿ ಒಯ್ಯಾಕ ಬರಲಿಲ್ಲ. ಕಂಪ್ಯೂಟರ್ ತೋರಿಸ್ತು, ಅಪ್ಪಾರು ಫೋನ್ ಮಾಡಿ ಬಸ್ಸಿನ್ಯಾಗ ಕಳಿಸಿದ್ರು. ಇಲ್ಲಂದ್ರ ಒಲಿ ಮುಂದ ಬೀಳ್ತಿದ್ಲು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲಾಸಿನಲ್ಲಿದ್ದ ಶಲವಡಿಯವರು ಮಾತ್ರ ತಟ್ಟಲಿಲ್ಲ. ಅವರೆಲ್ಲ ಸಣ್ಣವರಿದ್ದಾಗ ಉಂಡದ್ದು, ಎಡಗೈಯಲ್ಲಿ ಸೌಟು ತಿರುವುವ ನಮ್ಮವ್ವನ ಸಾರನ್ನೇ.

ಸರ್ ನನ್ನ ಹೆಸರು ಕೂಗಿದರು. ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು. ಸಿಟ್ಟು ನೆತ್ತಿಗೇರಿತ್ತು.

"ಶಲವಡಿಯವ್ರಿಗೆ ಒಂದ ಮಾತು ಕೇಳ್ತೀನ್ರಿ," ಎಂದೆ. "ಆಕಿ ಯಾರಂತ ಗೊತ್ತಾಗದವ್ರು ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ನಮ್ಮೋಣಿಯ ಭೀಮೇಶ ತಲೆ ತಗ್ಗಿಸಿದ. ಶಾಂಭವಿ ನನ್ನ ಮುಖ ನೋಡಿದಳು, ನೋಡುತ್ತಲೇ ಕೂತುಬಿಟ್ಟಳು.

"ಈ ಮಾತು ಯಾರೂ ಹೊರಗ ಒಯ್ಯಬ್ಯಾಡ್ರಿ" ಎಂದರು ಸರ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅವರಿಗೂ ಗೊತ್ತಿತ್ತು.

ಹೊರಗೆ ಶಾಂಭವಿ ಅಳುತ್ತ ಬಂದಳು. "ಖರೇನ ಒಳ್ಳೇದಕ್ಕ ಹೇಳಿದ್ನೆ. ಹೆಸರು ಹೇಳಿಲ್ಲಲಾ ಬೇ ದುರ್ಗಾ."

"ನಮ್ಮೂರಾಗ ಯಾರೂ ಯಾರನ್ನೂ ಹೆಸರಿನ ಮ್ಯಾಲೆ ಗುರುತು ಹಿಡಿಯಂಗಿಲ್ಲ" ಎಂದೆ. ಇನ್ನೂ ಬೈಯಬೇಕೆನಿಸಿತು. ಆದರೆ ಅವಳಪ್ಪನ ಫೋನು ಅವ್ವನನ್ನು ಉಳಿಸಿದ್ದೂ ಸುಳ್ಳಲ್ಲವಲ್ಲ. ಬೈಯಲೂ ಆಗದೆ ಬಸ್ಸಿನ ಕಡೆ ನಡೆದೆ.

ಮುಂದಿನ ವಾರವೇ ಶಾಲೆಯಲ್ಲಿ ಅವ್ವನ ಕೈಯಿಂದ ಸೌಟು ಇಸಿದುಕೊಂಡರು. ಅಕ್ಕಿ ಹಸನು ಮಾಡಿದರೆ ಸಾಕು ಎಂದರಂತೆ. ಅವಳು ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

"ಕುಬೇರಪ್ಪನವ್ರು ಹೇಳಿರಂಗಿಲ್ಲ, ದೇವರಂಥ ಮನಿಷ್ಯಾ. ಮತ್ತ ಹೆಂಗ ಗೊತ್ತಾತು?"

ನಾನು ಒಂದೂ ಬಿಡದೆ ಹೇಳಿದೆ. ಅವ್ವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಚಲೋ ಹೆಣ್ಮಗಳು ಅಂದ್ಲಾ ಆ ಹುಡುಗಿ?" ಎಂದು ಕೇಳಿದಳು.

"ಹೂಂ ಬೇ."

ಅವ್ವ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆ ತಿಂಗಳ ಗುಳಿಗೆಗೆ ಅವಳು ಗದಗಿಗೆ ಹೋದಳು. ಬಂದವಳೇ ಪೊಟ್ಟಣವನ್ನು ಡಬ್ಬಿಯ ಹಿಂದೆ ಬಚ್ಚಿಟ್ಟು, ನನಗೆ ಧೈರ್ಯ ಹೇಳುವವಳಂತೆ ಹೇಳಿದಳು:

"ಈ ಸಲ ಬಲಗೈಲೆ ರೊಕ್ಕ ಕೊಟ್ಟೀನಿ ಬೇ."