ಬ್ಲ್ಯಾಕ್ ಪುಡಿಂಗ್ ಇಲ್ಲದ ತಟ್ಟೆ

ಇಂಗ್ಲೆಂಡಿನ ಬೆರಿ ಪೇಟೆಯ ಸಂತೆ ಪಕ್ಕದ ಸಣ್ಣ ಹೋಟೆಲಿನಲ್ಲಿ ಐರಿನ್ ಹಾರ್ಗ್ರೀವ್ಸ್ ಇಪ್ಪತ್ತಾರು ವರ್ಷ ಬೆಳಗಿನ ತಿಂಡಿ ಮಾಡಿದ್ದಳು. ಗಂಡ ತೀರಿಕೊಂಡ ಮೇಲೆ ಹೋಟೆಲಿನ ಅರ್ಧ ಪಾಲು ಮೈದುನ ಕೀತ್‌ಗೆ ಹೋಯಿತು. ಅಲ್ಲಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಒಂದು ಸೋಮವಾರ ಕೀತ್ ಬಂದವನೇ ಆ ದಿನದ ಬ್ಲ್ಯಾಕ್ ಪುಡಿಂಗನ್ನೆಲ್ಲ, ಆ ಊರಿಗೇ ಹೆಸರು ತಂದ ರಕ್ತದ ಸಾಸೇಜನ್ನು, ಕಸದ ಡಬ್ಬಿಗೆ ಸುರಿದ.

"ಹಂದಿ ರಕ್ತ ಅಂದ್ರೆ ಈಗಿನವರು ಮೂಗು ಮುರೀತಾರೆ. ಇನ್ಮೇಲೆ ಆಲೂಗಡ್ಡೆ ಬಿಲ್ಲೆ ಹಾಕು."

"ಅದು ಅಮೆರಿಕದವರ ತಿಂಡಿ."

"ಹಾಗಾದ್ರೆ ಡಬ್ಬಿ ಬೀನ್ಸೂ ಅಮೆರಿಕದ್ದೇ. ಅದನ್ನೇನು ನಿಮ್ಮಜ್ಜಿ ಹಿತ್ತಲಲ್ಲಿ ಬೆಳೆದಿದ್ಲಾ?"

ಐರಿನ್ ಹಲ್ಲು ಕಚ್ಚಿಕೊಂಡು ತಟ್ಟೆ ಹೊರಗೆ ಕಳಿಸಿದಳು. ಬಸ್ಸು ಓಡಿಸಿ ನಿವೃತ್ತನಾದ ಮುದುಕ ವಿಲ್ಫ್, ದಿನಾ ಬರುವವನು, ಫೋರ್ಕಿನಿಂದ ತಟ್ಟೆಯನ್ನೆಲ್ಲ ಕೆದಕಿದ.

"ಐರಿನ್, ಏನೋ ಕಮ್ಮಿ ಇದೆಯಲ್ಲಮ್ಮಾ."

"ಇಷ್ಟ ಇಲ್ದಿದ್ರೆ ಎದ್ದು ಹೋಗಯ್ಯ," ಎಂದ ಕೀತ್.

ವಿಲ್ಫ್ ಮೊಟ್ಟೆಯನ್ನೂ ಮುಟ್ಟದೆ ಎದ್ದು ಹೋದ. ಐರಿನ್ ಏಪ್ರನ್ ಬಿಚ್ಚಿ ಕೀತ್‌ನ ಹೆಗಲ ಮೇಲೆ ಎಸೆದಳು. ವಿಲ್ಫ್‌ನ ಕುರ್ಚಿಯಲ್ಲೇ ಕುಳಿತಳು.

"ನಂಗೊಂದು ಪೂರ್ತಿ ತಿಂಡಿ. ಮೊಟ್ಟೆ ಹಳದಿ ಒಡೀಬಾರ್ದು."

ಗಿರಾಕಿಗಳೆಲ್ಲ ನೋಡುತ್ತಿದ್ದುದರಿಂದ ಕೀತ್‌ಗೆ ಬೇರೆ ದಾರಿಯಿರಲಿಲ್ಲ. ಮೊದಲ ಸಲ ಹಳದಿ ಒಡೆದಿತ್ತು, ವಾಪಸ್ಸು ಕಳಿಸಿದಳು. ಎರಡನೆಯ ಸಲ ಬೇಕನ್ ಚಪ್ಪಲಿಯಂತಾಗಿತ್ತು, ಅದೂ ವಾಪಸ್ಸು. ಮೂರನೆಯ ಸಲ ಅವಳು ಸಾಸೇಜನ್ನು ಸೀಳಿ ಎತ್ತಿ ಹಿಡಿದಳು.

"ನೋಡ್ರಪ್ಪಾ, ಒಳಗೆ ಹಂದಿ ಇನ್ನೂ ಉಸಿರಾಡ್ತಿದೆ!"

ಹೋಟೆಲೆಲ್ಲ ಗೊಳ್ಳೆಂದಿತು. ಕೀತ್ ತಟ್ಟೆ ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿದ. ಬೀನ್ಸಿನ ರಸ ಅವಳ ಕಾಲಿಗೆ ಸಿಡಿಯಿತು.

"ತೊಲಗಾಚೆ!"

"ನಿಮ್ಮಣ್ಣ ಒಂದಿನಾನೂ ನಂಗೆ ಹೀಗಂದವನಲ್ಲ. ಸಾಯೋ ದಿನವೂ ನಾನು ಹುರಿದಿದ್ದನ್ನೇ ಚಪ್ಪರಿಸ್ಕೊಂಡು ತಿಂದ."

"ಅದಕ್ಕೇ ಸತ್ತ!"

ಯಾರೂ ನಗಲಿಲ್ಲ. ಎದೆನೋವಿನ ಗಂಡನಿಗೆ ಎಣ್ಣೆ ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದು ನಿಜ. ಅವನು ಬೇಡಿದ, ಅವಳು ಬಡಿಸಿದಳು.

ಅವಳು ಒಳಗೆ ಹೋಗಿ ಗ್ಯಾಸ್ ಆರಿಸಿದಳು. ತನ್ನ ಕಬ್ಬಿಣದ ಬಾಣಲೆ ತೊಳೆದು, ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ನಡೆದಳು.

ಹೋಟೆಲು ಆ ವರ್ಷವೇ ಮಾರಾಟವಾಯಿತು. ವಕೀಲರ ಕಚೇರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತರು. ಸಹಿ ಮಾಡಿದ ಮೇಲೆ ಐರಿನ್ ಪೆನ್ನನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಉರುಳಿಸಿದಳು. ಅದು ಕೆಳಗೆ ಬಿತ್ತು. ಇಬ್ಬರೂ ಬಗ್ಗಲಿಲ್ಲ, ಕೊನೆಗೆ ವಕೀಲರೇ ಎತ್ತಿಕೊಟ್ಟರು.